ಮೊಬೈಲಿನಲ್ಲಿ ಎಕ್ಸ್-ರೇ: ಕಂಡದ್ದೆಷ್ಟು, ಕಳೆದದ್ದೆಷ್ಟು?

ಎಕ್ಸ್-ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊಬೈಲಿನಲ್ಲಿ ಫೋಟೊ ತೆಗೆದು, ದೂರದ ಊರಿನ ವೈದ್ಯರಿಗೆ ಕಳುಹಿಸುವುದು ಈಗ ರೂಢಿಯಾಗಿದೆ. ‘ಏನೂ ತೊಂದರೆ ಕಾಣುತ್ತಿಲ್ಲ’ ಎಂಬ ಉತ್ತರ ಬಂದರೆ ಮನೆಯವರಿಗೆಲ್ಲ ನೆಮ್ಮದಿ. ಆ ನೆಮ್ಮದಿಯನ್ನು ಅಷ್ಟು ಸುಲಭವಾಗಿ ನಂಬಬಾರದೆಂಬುದು ನನ್ನ ಅಭಿಪ್ರಾಯ.

ಎಕ್ಸ್-ರೇ ಫಿಲ್ಮಿನ ಕಪ್ಪು ಎಲ್ಲ ಕಡೆಯೂ ಒಂದೇ ಕಪ್ಪಲ್ಲ. ಅತಿ ಕಪ್ಪಾದ ಭಾಗವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸಾವಿರದಲ್ಲೊಂದು ಪಾಲನ್ನಷ್ಟೇ ಆಚೆಗೆ ಬಿಡಬಹುದು. ಬಿಳಿಯ ಭಾಗವಾದರೋ ಬಹುಪಾಲನ್ನು ಬಿಡುತ್ತದೆ. ಇವೆರಡರ ನಡುವಿನ ಬೂದು ಛಾಯೆಗಳಲ್ಲೇ ರೋಗದ ಸುಳಿವು ಅಡಗಿರುವುದು. ಫಿಲ್ಮಿಗೆಂದೇ ತಯಾರಾದ ಡಿಜಿಟೈಸರ್ ಯಂತ್ರ 4096 ಛಾಯೆಗಳವರೆಗೆ ದಾಖಲಿಸಬಲ್ಲದು. ಮೊಬೈಲಿನ ಸಾಮಾನ್ಯ ಫೋಟೊದಲ್ಲಿ ಉಳಿಯುವುದು ಹೆಚ್ಚೆಂದರೆ 256. ಕ್ಯಾಮೆರಾ ಕಿಟಕಿಯ ಬೆಳಕಿಗೆ ಹೊಂದಿಕೊಂಡರಂತೂ ಶ್ವಾಸಕೋಶದ ವಿವರವೆಲ್ಲ ಮಸಿ ಬಳಿದಂತಾಗುತ್ತದೆ. ಎದೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಕುಗ್ಗಿದಾಗ ಕಾಣುವ ಕೂದಲೆಳೆಯಂಥ ಗೆರೆ, ಕೊರಳೆಲುಬಿನ ಹಿಂದೆ ಅವಿತ ಕ್ಷಯದ ಮಚ್ಚೆ, ಮಣಿಕಟ್ಟಿನ ಮೂಳೆಯ ಸಣ್ಣ ಬಿರುಕು – ಮೊದಲು ಮಾಯವಾಗುವುದು ಇಂಥವೇ. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುವುದರಿಂದ ಉಳಿದದ್ದರಲ್ಲೂ ಒಂದಿಷ್ಟು ಹೋಗುತ್ತದೆ. ಬೆರಳಿನಿಂದ ಹಿಗ್ಗಿಸಿ ನೋಡಿದರೆ ಅದು ಮರಳುವುದಿಲ್ಲ.

ತೊಡೆಮೂಳೆ ಮುರಿದದ್ದು ಇಂಥ ಫೋಟೊದಲ್ಲಿ ಕಂಡರೆ ಮುರಿದಿರುವುದು ನಿಜ. ಕಾಣಲಿಲ್ಲವೆಂದರೆ ಏನೂ ಇಲ್ಲವೆಂದು ಅರ್ಥವಲ್ಲ. ಎರಡು ನಿಮಿಷದಲ್ಲಿ ‘ನಾರ್ಮಲ್’ ಎಂದು ಬರೆದುಬಿಡುವ ವೈದ್ಯ ಮಿತ್ರರೂ ಇದನ್ನು ಮರೆಯಬಾರದು.

ಇನ್ನೊಂದು ವಿಚಿತ್ರವಿದೆ. ಈಗ ಬಹಳಷ್ಟು ಕಡೆ ಎಕ್ಸ್-ರೇ ಮೊದಲೇ ಡಿಜಿಟಲ್ ಆಗಿರುತ್ತದೆ. ನಮ್ಮ ಕೈಗೆ ಬರುವ ಫಿಲ್ಮು ಅದರ ಮುದ್ರಿತ ಪ್ರತಿ. ಪ್ರತಿಯ ಫೋಟೊ ತೆಗೆಯುವುದೇಕೆ? ‘ಡೈಕಾಮ್’ ರೂಪದ ಮೂಲ ಕಡತವನ್ನೇ ಸಿ.ಡಿ. ಅಥವಾ ಪೆನ್‌ಡ್ರೈವಿನಲ್ಲಿ ಕೇಳಿ ಪಡೆಯಿರಿ. ಕೆಲವರು ಕೊಡಲು ಹಿಂದೆಮುಂದೆ ನೋಡುತ್ತಾರೆ. ರೋಗಿಯ ದೇಹದ ಚಿತ್ರವನ್ನು ರೋಗಿಗೇ ಕೊಡಲು ಏಕಿಷ್ಟು ಬಿಗುಮಾನವೋ!

ಹಳೆಯ ಫಿಲ್ಮೊಂದೇ ಇದ್ದರೆ ಕಚೇರಿಯ ಸಾಮಾನ್ಯ ಸ್ಕ್ಯಾನರಿಗೆ ಒಡ್ಡಬೇಡಿ. ಫಿಲ್ಮಿಗೆ ಬೆಳಕು ಹಿಂದಿನಿಂದ ಬರಬೇಕು. ಕೋಣೆಯ ದೀಪ ಆರಿಸಿ, ಕ್ಲಿನಿಕ್ಕಿನ ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, ಫ್ಲ್ಯಾಷ್ ಇಲ್ಲದೆ ನೇರವಾಗಿ ತೆಗೆಯಿರಿ. ಇಡೀ ಫಿಲ್ಮಿನದೊಂದು, ನೋವಿರುವ ಭಾಗದ್ದು ಹತ್ತಿರದಿಂದ ಇನ್ನೊಂದು. ಹೆಸರು, ದಿನಾಂಕ, ಎಡ-ಬಲದ ಗುರುತು ಕಾಣಲಿ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಚಿತ್ರ ಕುಗ್ಗುವುದಿಲ್ಲ. ಇಷ್ಟಾಗಿಯೂ ನೋವು ಇಳಿಯದಿದ್ದರೆ ಫಿಲ್ಮನ್ನೇ ಹಿಡಿದು ವೈದ್ಯರ ಬಳಿಗೆ ಹೋಗಿ. ಬೆಳ್ಳಿಯ ಆಸೆಗೆ ಹಳೆಯ ಫಿಲ್ಮು ಕೊಳ್ಳುವವರಿಗೆ ಅದನ್ನು ಮಾರಿಬಿಡಬೇಡಿ. ಮುಂದಿನ ಎಕ್ಸ್-ರೇಯಲ್ಲಿ ಕಂಡ ಮಚ್ಚೆ ಹೊಸದೋ ಹಳೆಯದೋ ಎಂದು ಹೋಲಿಸಿ ನೋಡಲು ಅದೇ ಬೇಕಾಗುತ್ತದೆ.