ಬಿರುದು ನಿಮಗೇ ಇರಲಿ, ಟಿಪ್ಪುವಿನ ಡೇರೆ ಕೊಡಿ

ಶ್ರೀರಂಗಪಟ್ಟಣಕ್ಕೆ ಹೋದರೆ ದರಿಯಾ ದೌಲತ್ ನೋಡಬಹುದು, ಗುಂಬಜ್ ನೋಡಬಹುದು. ಟಿಪ್ಪು ಸುಲ್ತಾನನ ಡೇರೆ ನೋಡಬೇಕಾದರೆ ಮಾತ್ರ ಬ್ರಿಟನ್ನಿನ ವೇಲ್ಸ್‌ಗೆ ಹೋಗಬೇಕು. ಹೂವಿನ ಅಚ್ಚು ಹಾಕಿದ ಆ ಹತ್ತಿಬಟ್ಟೆಯ ಡೇರೆ ಅಲ್ಲಿನ ಪೊವಿಸ್ ಕೋಟೆಯಲ್ಲಿದೆ. ಟಿಪ್ಪುವಿನ ಸಿಂಹಾಸನದ ಒಂದು ಹುಲಿತಲೆಯೂ ಅಲ್ಲೇ ಇದೆ.

ಅದು ಪೊವಿಸ್‌ನ ಅರ್ಲ್‌ಗಳ ಮನೆ. ದೊಡ್ಡ ಮನೆತನ ಅಂದ ಕೂಡಲೇ ಕೈಕಟ್ಟಿ ನಿಲ್ಲುವ ಅಭ್ಯಾಸ ನಮ್ಮಲ್ಲಿದೆ. ಆದರೆ ನಾವು ಪತ್ರಿಕೋದ್ಯಮದಲ್ಲಿ ಕಲಿತ ಮೊದಲ ಪಾಠ ಬೇರೆ: ದುಡ್ಡು ಎಲ್ಲಿಂದ ಬಂತು ಅಂತ ಕೇಳು.

ಕೇಳೋಣ. ರಾಬರ್ಟ್ ಕ್ಲೈವ್ 1744ರಲ್ಲಿ ಮದ್ರಾಸಿಗೆ ಬಂದಿಳಿದಾಗ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತ. 1757ರಲ್ಲಿ ಬಂಗಾಳದ ಪ್ಲಾಸಿಯಲ್ಲಿ ನವಾಬನನ್ನು ಇಳಿಸಿ ಮೀರ್ ಜಾಫರನನ್ನು ಕೂರಿಸಿದ. ಅದಕ್ಕೆ ತನ್ನ ಪಾಲೆಂದು 2,34,000 ಪೌಂಡ್ ತೆಗೆದುಕೊಂಡ. ಸಾಲದ್ದಕ್ಕೆ ವರ್ಷಕ್ಕೆ ಸುಮಾರು 27,000 ಪೌಂಡಿನ ಜಾಗೀರು. ಅದು ಯಾರ ದುಡ್ಡು? ಬಂಗಾಳದ ರೈತರು ಕಟ್ಟಿದ ಕಂದಾಯ.

1762ರಲ್ಲಿ ಗುಮಾಸ್ತ 'ಪ್ಲಾಸಿಯ ಬ್ಯಾರನ್ ಕ್ಲೈವ್' ಆದ. ನಮ್ಮ ದೇಶದ ಒಂದು ಹಳ್ಳಿಯ ಹೆಸರು ಅವನ ಬಿರುದಿನಲ್ಲಿ ಸೇರಿತು. ಆದರೂ ಸಿಕ್ಕಿದ್ದು ಐರ್ಲೆಂಡಿನ ಬಿರುದು, ಅದರಿಂದ ಲಂಡನ್ನಿನ ಪ್ರಭುಗಳ ಸಭೆಯಲ್ಲಿ ಕುರ್ಚಿ ಸಿಗುತ್ತಿರಲಿಲ್ಲ. 1773ರಲ್ಲಿ ಅಲ್ಲಿನ ಸಂಸತ್ತು ಅವನು ಹಣ ಪಡೆದದ್ದು ನಿಜ ಎಂದಿತು. ಜೊತೆಗೆ ದೇಶಕ್ಕೆ ದೊಡ್ಡ ಸೇವೆ ಮಾಡಿದ್ದಾನೆ ಎಂದೂ ಹೊಗಳಿತು. ಬಿರುದೂ ಉಳಿಯಿತು, ಹಣವೂ ಉಳಿಯಿತು.

ಮಗ ಎಡ್ವರ್ಡ್ 1784ರಲ್ಲಿ ಪೊವಿಸ್ ಅರ್ಲ್‌ನ ಮಗಳು ಹೆನ್ರಿಯೆಟ್ಟಾಳನ್ನು ಮದುವೆಯಾದ. ಅವರ ಬಳಿ ಹಳೇ ಹೆಸರು, ಕೋಟೆ, ಜೊತೆಗೆ ಸಾಲ. ಇವರ ಬಳಿ ದುಡ್ಡು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಇದೇ ಎಡ್ವರ್ಡ್. ಊರು ಲೂಟಿಯಾಯಿತು. ಟಿಪ್ಪುವಿನ ಡೇರೆ ಈ ಮನೆಯವರ ಕೈ ಸೇರಿತು. ಮುಂದೆ ಅದನ್ನು ತೋಟದ ಪಾರ್ಟಿಗಳಿಗೆ ಹಾಕುತ್ತಿದ್ದರಂತೆ!

1801ರಲ್ಲಿ ಹೆನ್ರಿಯೆಟ್ಟಾಳ ಅಣ್ಣ ಮಕ್ಕಳಿಲ್ಲದೆ ಸತ್ತ, ಅರ್ಲ್ ಬಿರುದು ನಿಂತುಹೋಯಿತು. 1804ರಲ್ಲಿ ಅದೇ ಬಿರುದನ್ನು ಹೊಸದಾಗಿ ಎಡ್ವರ್ಡ್‌ಗೆ ಕೊಟ್ಟರು. ಅರ್ಲ್ ಅಂದರೆ ಬ್ಯಾರನ್‌ಗಿಂತ ಎರಡು ಮೆಟ್ಟಿಲು ಮೇಲೆ. 1807ರಲ್ಲಿ ಅವನ ಮಗ ಕ್ಲೈವ್ ಎಂಬ ಮನೆ ಹೆಸರನ್ನೇ ಬಿಟ್ಟು, ತಾಯಿಯ ಕಡೆಯ ಹರ್ಬರ್ಟ್ ಹೆಸರು ಹಿಡಿದ. ಅಜ್ಜ ದೋಚಿದ, ಮಗ ಬಿರುದು ಏರಿಸಿಕೊಂಡ, ಮೊಮ್ಮಗ ಹೆಸರು ತೊಳೆದುಕೊಂಡ. ಮೂರೇ ತಲೆಮಾರು!

ಕೆಲವರು ಹೇಳುತ್ತಾರೆ: ಅವರು ಜೋಪಾನ ಮಾಡಿದ್ದಕ್ಕೆ ಡೇರೆ ಉಳಿಯಿತು, ನಮ್ಮಲ್ಲಿದ್ದರೆ ಗೆದ್ದಲು ತಿನ್ನುತ್ತಿತ್ತು. ಇರಬಹುದು. ಆದರೆ ಕದ್ದ ಎತ್ತಿಗೆ ಚೆನ್ನಾಗಿ ಮೇವು ಹಾಕಿದ ಮಾತ್ರಕ್ಕೆ ಎತ್ತು ಕಳ್ಳನದಾಗುತ್ತದೆಯೇ? ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳವೂ ಇಲ್ಲಿ ಬೇಡ. ಲೂಟಿ ಮಾಡಿದ ವಸ್ತು ಯಾರ ಮನೆಯಲ್ಲಿರಬೇಕು ಎಂಬುದಷ್ಟೇ ಪ್ರಶ್ನೆ.

ಬಿರುದು ಅವರ ರಾಜ ಕೊಟ್ಟದ್ದು, ಅವರೇ ಇಟ್ಟುಕೊಳ್ಳಲಿ. ಡೇರೆಯನ್ನು ನಾವು ಯಾರೂ ಕೊಟ್ಟಿರಲಿಲ್ಲ. ಅದು ಕಾವೇರಿ ದಂಡೆಗೆ ವಾಪಸ್ ಬರಲಿ.