ಪಹಣಿಯ ಗಣಕಕ್ಕೆ ಬೀಗದ ಕೈ ಯಾರ ಬಳಿ?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಜಮೀನಿನ ಸ್ವಾಧೀನವನ್ನು ರಾಜ್ಯ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ನೆಲದ ಬೆಲೆ ಏರಿದಂತೆ ಪಹಣಿಯ ಒಂದೊಂದು ಸಾಲಿನ ತೂಕವೂ ಏರಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ, ತಪ್ಪೆಂದು ಸಾಬೀತಾಗುವವರೆಗೆ ಹಕ್ಕುದಾಖಲೆಯ ನಮೂದನ್ನು ಸತ್ಯವೆಂದೇ ಭಾವಿಸಬೇಕು. ಆ ನಮೂದು ಇಂದು ಇರುವುದು ಗಣಕದ ದತ್ತಾಂಶ ಕೋಶದಲ್ಲಿ. ಆದಕಾರಣ ಆ ಕೋಶವನ್ನು ಯಾವ ತಂತ್ರಾಂಶದ ಮೇಲೆ ಕಟ್ಟಬೇಕೆಂಬುದು ಕೇವಲ ತಂತ್ರಜ್ಞರ ಚರ್ಚೆಯಾಗಿ ಉಳಿಯಲಾರದು.

ಶತಮಾನದ ಆರಂಭದಲ್ಲಿ ಜಾರಿಗೊಂಡ 'ಭೂಮಿ' ಯೋಜನೆ ಸುಮಾರು ಎರಡು ಕೋಟಿ ದಾಖಲೆಗಳನ್ನು ಗಣಕಕ್ಕೇರಿಸಿತು. 15 ರೂಪಾಯಿಗೆ ಪಹಣಿ ದೊರೆಯಿತು. ಅಧಿಕಾರಿಗಳಿಗೆ ಬೆರಳಚ್ಚಿನ ಪ್ರವೇಶ, ಖಾತೆ ಬದಲಾವಣೆಗೆ ಸರದಿಯ ನಿಯಮ ಬಂದವು. ಅದು ನಿಂತದ್ದು ಮೈಕ್ರೋಸಾಫ್ಟ್ ಕಂಪನಿಯ ತಂತ್ರಾಂಶಗಳ ಮೇಲೆ. ಅಂದಿನ ಸ್ಥಿತಿಯಲ್ಲಿ ಆ ಆಯ್ಕೆ ಅಸಹಜವೇನಲ್ಲ. ಆದರೆ ಸಾರ್ವಜನಿಕ ದಾಖಲೆಯ ಉಗ್ರಾಣಕ್ಕೆ ಖಾಸಗಿ ಬೀಗ ಬಿದ್ದರೆ, ಪರವಾನಗಿಯ ಬಾಡಿಗೆ ಮುಗಿಯದ ಬಾಬತ್ತಾಗುತ್ತದೆ.

ಪರ್ಯಾಯ ಕೈಗೆಟುಕದ್ದಲ್ಲ. 1991ರಲ್ಲಿ ಹುಟ್ಟಿದ ಲಿನಕ್ಸ್, 1995ರ ಅಪಾಚೆ ವೆಬ್ ಸರ್ವರ್, ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬೆಳೆದ ಪೋಸ್ಟ್‌ಗ್ರೆಸ್ ದತ್ತಾಂಶ ವ್ಯವಸ್ಥೆ ಇವೆಲ್ಲ ಮುಕ್ತ ತಂತ್ರಾಂಶಗಳು. ನುರಿತವನೊಬ್ಬ ಇವನ್ನು ಒಂದೇ ದಿನದಲ್ಲಿ ಸ್ಥಾಪಿಸಬಲ್ಲ. ಕಷ್ಟವಿರುವುದು ಆನಂತರದ ಶಿಸ್ತಿನಲ್ಲಿ. ಅಂತರಜಾಲದ ಕೋರಿಕೆಗಳು ವೆಬ್ ಸರ್ವರಿನ ಬಾಗಿಲಲ್ಲೇ ನಿಲ್ಲಬೇಕು. ದತ್ತಾಂಶ ಕೋಶ ಒಳಮನೆಯಲ್ಲಿರಬೇಕು. ಪ್ರತಿ ನೌಕರನಿಗೆ ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು. ಯಾವ ನಮೂದನ್ನು ಯಾರು, ಎಂದು ತಿದ್ದಿದರೆಂಬುದು ಅಳಿಸಲಾಗದಂತೆ ದಾಖಲಾಗಬೇಕು. ಪ್ರತಿನಿತ್ಯದ ನಕಲು ಬೇರೆ ಊರಿನಲ್ಲಿರಬೇಕು, ಅದರಿಂದ ದಾಖಲೆಗಳನ್ನು ಮರಳಿ ಪಡೆಯಬಹುದೇ ಎಂಬ ಪರೀಕ್ಷೆಯೂ ಆಗಾಗ ನಡೆಯಬೇಕು.

ಇಲ್ಲಿ ಅರ್ಥಶಾಸ್ತ್ರದ ಒಂದು ಸರಳ ಪಾಠವಿದೆ. ಪರವಾನಗಿ ಉಚಿತವಾದರೆ ವೆಚ್ಚ ಶೂನ್ಯವಾಗುವುದಿಲ್ಲ, ಬಾಡಿಗೆಯಿಂದ ವೇತನಕ್ಕೆ ವರ್ಗವಾಗುತ್ತದೆ. ಆ ವೇತನ ದೊಡ್ಡಬಳ್ಳಾಪುರದ, ನೆಲಮಂಗಲದ ಪದವೀಧರರಿಗೆ ಸಲ್ಲಬಹುದು. ಕೌಶಲ ಜಿಲ್ಲೆಯಲ್ಲೇ ಉಳಿಯಬಹುದು. ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ. ಆದರೆ ನಿರ್ವಹಣೆಗೆ ಹಣ, ಕಾಯಂ ಹುದ್ದೆ ಇಲ್ಲದಿದ್ದರೆ ಅದು ಹಾಳೆಯ ಮೇಲಿನ ನೀತಿಯಷ್ಟೇ.

ಸಂಕೇತ ತೆರೆದಿದ್ದರೆ ಕಳ್ಳರಿಗೂ ದಾರಿ ತಿಳಿಯದೇ ಎಂದು ಕೇಳುವವರಿದ್ದಾರೆ. ತೆರೆದಿಡಬೇಕಾದದ್ದು ತಂತ್ರಾಂಶದ ಸಂಕೇತವನ್ನು, ರೈತನ ಖಾಸಗಿ ವಿವರಗಳನ್ನಲ್ಲ. ಜಗತ್ತಿನ ಬಹುಪಾಲು ವೆಬ್ ಸರ್ವರುಗಳು ಲಿನಕ್ಸ್ ಮೇಲೆಯೇ ನಡೆಯುತ್ತಿವೆ. 2025ರ ಜನವರಿಯಲ್ಲಿ ಕೃತಕ ಕೋರಿಕೆಗಳ ಮಹಾಪೂರ ಹರಿಸಿದ ದಾಳಿಯಿಂದ 'ಕಾವೇರಿ 2.0' ತಾಣದಲ್ಲಿ ನೋಂದಣಿ ಅಸ್ತವ್ಯಸ್ತವಾಯಿತು. ಇಂತಹ ದಾಳಿಯನ್ನು ತಡೆಯುವುದು ಸಂಕೇತದ ಗೋಪ್ಯತೆಯಲ್ಲ, ಸನ್ನದ್ಧತೆ.

ಎಲ್ಲಕ್ಕಿಂತ ಮಿಗಿಲಾದ ಪ್ರಶ್ನೆ ಉತ್ತರದಾಯಿತ್ವದ್ದು. ಗಣಕೀಕರಣದಿಂದ ಭೂವ್ಯವಹಾರದ ದೊಡ್ಡ ಕುಳಗಳಿಗೇ ಹೆಚ್ಚು ಅನುಕೂಲವಾಯಿತೆಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದ್ದರು. ಮುಕ್ತ ತಂತ್ರಾಂಶವೊಂದೇ ಈ ಅಸಮಾನತೆಯನ್ನು ನೀಗದು, ನಿಜ. ಆದರೆ ಕಾಯ್ದೆ ರಾಜ್ಯಪತ್ರದಲ್ಲಿ ಅಚ್ಚಾಗುತ್ತದೆ. ಯಾರು ಬೇಕಾದರೂ ಓದಬಹುದು. ಅದೇ ಕಾಯ್ದೆಯನ್ನು ದಿನನಿತ್ಯ ಜಾರಿಗೊಳಿಸುವ ಸಂಕೇತವನ್ನು ಓದುವ ಹಕ್ಕು ಪ್ರಜೆಗೆ ಏಕಿರಬಾರದು? ಸರದಿಯ ನಿಯಮಕ್ಕೆ ತಂತ್ರಾಂಶದಲ್ಲಿ ಯಾವ ವಿನಾಯಿತಿ ಅಡಗಿದೆಯೆಂಬುದು ಹೊಸಕೋಟೆಯ ಎರಡು ಎಕರೆಯ ರೈತನಿಗೆ ತಾನೇ ಓದಲು ಬಾರದಿರಬಹುದು. ಅವನ ಪರವಾಗಿ ಓದಬಲ್ಲವರಿಗೆ ಅವಕಾಶವಿದ್ದರೆ ಸಾಕು.