ಮನೆವಾರ್ತೆ: ಬಚ್ಚಲಿಗೊಂದು ಹೊಸ ಹಂಡೆ

ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಸುತ್ತಿ, ಒಲೆಯ ಮೇಲೇರಿಸುವುದು ಊರಿನಲ್ಲಿ ನಮ್ಮ ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ದಿಲ್ಲಿಗೆ ಬಂದ ನಮಗೆ ಹಂಡೆಯೂ ಇಲ್ಲ, ಸೌದೆಯೂ ಇಲ್ಲ. ಬಚ್ಚಲಿನ ಗೋಡೆಗೆ ತೂಗುಬಿದ್ದ ಬಿಳಿಯ ಗೀಸರೇ ನಮ್ಮ ಹಂಡೆ. ವರ್ಷದಲ್ಲಿ ಏಳೆಂಟು ತಿಂಗಳು ಅದರ ಗೊಡವೆಗೆ ಯಾರೂ ಹೋಗುವುದಿಲ್ಲ. ದೀಪಾವಳಿ ಕಳೆದು ಪೆಟ್ಟಿಗೆಯಿಂದ ಸ್ವೆಟರುಗಳು ಹೊರಬಂದ ದಿನ ಸ್ವಿಚ್ಚು ಒತ್ತಿದರೆ, ಒಂದೋ ದೀಪ ಹತ್ತುವುದಿಲ್ಲ, ಇಲ್ಲವೇ ಅಡಿಯಿಂದ ತುಕ್ಕಿನ ನೀರು ತೊಟ್ಟಿಕ್ಕುತ್ತದೆ. ಊರಿನಿಂದ ಅತ್ತೆ ಮಾವಂದಿರು ಬರುವ ವಾರವೇ ಇದು ಆಗುವುದೂ ಉಂಟು!

ಹೀಗಾದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ರಿಪೇರಿಯೋ, ಹೊಸದೋ? ನೀರು ಕಾಯುತ್ತಿಲ್ಲ, ಆದರೆ ಸೋರುತ್ತಿಲ್ಲ ಎಂದಾದರೆ ಕೆಟ್ಟಿರುವುದು ಒಳಗಿನ ಎಲಿಮೆಂಟು ಅಥವಾ ಥರ್ಮೋಸ್ಟಾಟು. ಚಾಂದನಿ ಚೌಕದ ಭಾಗೀರಥ ಪ್ಯಾಲೆಸಿನ ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಇವು ಬಿಡಿಯಾಗಿ ಸಿಗುತ್ತವೆ. ಆದರೆ ಒಳಗಿನ ಪಾತ್ರೆಯೇ ತೂತಾಗಿ ಸೋರತೊಡಗಿದರೆ ಅದಕ್ಕೆ ಬೆಸುಗೆ ಹಾಕಿಸುವ ಯೋಚನೆಯನ್ನು ಬಿಡತಕ್ಕದ್ದು. ಒತ್ತಡದಲ್ಲಿ ಬಿಸಿನೀರು ಹಿಡಿದಿಡುವ ಪಾತ್ರೆಗೆ ತೇಪೆ ನಿಲ್ಲುವುದಿಲ್ಲ. ಹೊಸದನ್ನೇ ಕೊಳ್ಳಬೇಕು.

ಎಷ್ಟು ದೊಡ್ಡದು ಬೇಕು? ಬೆಂಗಳೂರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದಿಲ್ಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 1935ರ ಜನವರಿ 16ರಂದು ಉಷ್ಣತೆ ಸೊನ್ನೆಗಿಂತ 0.6 ಡಿಗ್ರಿ ಕೆಳಕ್ಕೆ ಇಳಿದಿತ್ತು. 2021ರ ಹೊಸ ವರ್ಷದ ಬೆಳಗ್ಗೆ 1.1 ಡಿಗ್ರಿಗೆ ಬಂದಿತ್ತು. ಮಹಡಿಯ ಮೇಲಿನ ತೊಟ್ಟಿಯಿಂದ ಇಳಿಯುವ ನೀರು 12 ಡಿಗ್ರಿ ಇದೆಯೆಂದು ಇಟ್ಟುಕೊಳ್ಳೋಣ. 15 ಲೀಟರಿನ ಗೀಸರಿನಲ್ಲಿ ಅದನ್ನು 60 ಡಿಗ್ರಿಗೆ ಕಾಯಿಸಿ, ತಣ್ಣೀರು ಬೆರೆಸಿ ಮೈಗೆ ಹಿತವಾದ 40 ಡಿಗ್ರಿಗೆ ತಂದರೆ ಸುಮಾರು 25 ಲೀಟರು ಸಿಗುತ್ತದೆ, ಅಂದರೆ ಒಂದೂವರೆ ಬಕೆಟ್ಟು. ಅದೇ ಗೀಸರು 22 ಡಿಗ್ರಿ ನೀರಿನ ಬೆಂಗಳೂರಿನಲ್ಲಿ 31 ಲೀಟರಿಗೂ ಮೇಲೆ ಕೊಡುತ್ತದೆ. ಆದುದರಿಂದ ಇಬ್ಬರಿರುವ ಮನೆಗೆ 15 ಲೀಟರಿನದು ಸಾಕು. ಬೆಳಗ್ಗೆ ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ನುಗ್ಗುವ ನಾಲ್ಕು ಜನರ ಸಂಸಾರಕ್ಕೆ 25 ಲೀಟರಿನದು ಲೇಸು. ಅದಕ್ಕಿಂತ ದೊಡ್ಡದನ್ನು ತಂದು ಅರ್ಧ ಬಳಸಿ ಅರ್ಧ ಆರಿಸುವುದೇತಕ್ಕೆ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಹೊತ್ತಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2 ಕಿಲೋವಾಟಿನ ಎಲಿಮೆಂಟು 15 ಲೀಟರು ನೀರನ್ನು ಹೀಗೆ ಕಾಯಿಸಲು ಸುಮಾರು 25 ನಿಮಿಷ ಬೇಕು, 25 ಲೀಟರಿಗೆ 42 ನಿಮಿಷ. ಮೊದಲನೆಯದಕ್ಕೆ ಒಂದು ಯೂನಿಟ್ಟಿಗಿಂತ ತುಸು ಕಡಮೆ, ಎರಡನೆಯದಕ್ಕೆ ಒಂದೂವರೆಗೆ ತುಸು ಕಡಮೆ ವಿದ್ಯುತ್ತು ಖರ್ಚಾಗುತ್ತದೆ. 3 ಲೀಟರಿನ ಪುಟ್ಟ ‘ಇನ್‌ಸ್ಟಂಟ್’ ಗೀಸರು ಅಗ್ಗವೆಂದು ಕೆಲವರು ಬಚ್ಚಲಿಗೆ ತರುತ್ತಾರೆ. 3 ಕಿಲೋವಾಟಿನದಾದರೂ ನಮ್ಮ ಜನವರಿಯಲ್ಲಿ ಅದು ನಿಮಿಷಕ್ಕೆ ಒಂದೂವರೆ ಲೀಟರಿನಷ್ಟೇ ಸ್ನಾನದ ನೀರು ಕೊಟ್ಟೀತು. ಬಕೆಟ್ಟು ತುಂಬುವ ತನಕ ನಡುಗುತ್ತ ನಿಲ್ಲಬೇಕು. ಅಡಿಗೆಮನೆಯ ಪಾತ್ರೆ ತೊಳೆಯಲು ಅದು ಒಪ್ಪುತ್ತದೆ.

ಪೆಟ್ಟಿಗೆಯ ಮೇಲಿನ ನಕ್ಷತ್ರಗಳ ಅರ್ಥವನ್ನು ಬಹು ಮಂದಿ ತಪ್ಪಾಗಿ ತಿಳಿಯುತ್ತಾರೆ. ಎಲಿಮೆಂಟು ತಿಂದ ವಿದ್ಯುತ್ತೆಲ್ಲ ಹೇಗೂ ನೀರಿಗೇ ಸೇರುತ್ತದೆ. ಕಾದ ನೀರಿನ ಬಿಸಿ ಎಷ್ಟು ನಿಧಾನವಾಗಿ ಆರುತ್ತದೆ ಎಂಬುದನ್ನು ನಕ್ಷತ್ರಗಳು ಸೂಚಿಸುತ್ತವೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಬಿಸಿನೀರು ಬೇಕಾಗುವ ಮನೆಗೆ ಐದು ನಕ್ಷತ್ರದ ಬೆಲೆ ಹುಟ್ಟುತ್ತದೆ. ಬೇಕಾದಾಗ ಹಾಕಿ, ಮಿಂದು, ಆರಿಸುವವರಿಗೆ ಅಷ್ಟು ಲಾಭವಿಲ್ಲ.

ಇನ್ನು ನೀರಿನ ಗುಣ. ಗುರುಗ್ರಾಮ, ನೋಯ್ಡಾ, ದ್ವಾರಕಾ ಕಡೆ ಕೊಳವೆಬಾವಿಯ ನೀರು ಬಳಸುವ ಮನೆಗಳಲ್ಲಿ ತೊಗರಿಬೇಳೆ ಬೇಯಲು ತಕರಾರು ಮಾಡುವುದನ್ನು ಗೃಹಿಣಿಯರು ಬಲ್ಲರು. ಅದೇ ಗಡಸು ನೀರು ಗೀಸರಿನೊಳಗೆ ಎಲಿಮೆಂಟಿಗೆ ಸುಣ್ಣದ ಪೊರೆ ಕಟ್ಟುತ್ತದೆ. ಶಾಖ ನೀರಿಗೆ ಹೋಗದೆ ಎಲಿಮೆಂಟಿನಲ್ಲೇ ಉಳಿದು ಅದು ಸುಟ್ಟುಹೋಗುತ್ತದೆ. ಆದುದರಿಂದ ಒಳಪಾತ್ರೆಗೆ ಗಾಜಿನ ಲೇಪವಿರುವುದನ್ನು ಆರಿಸಿ. ಜೊತೆಗೆ ಒಳಗೆ ಮೆಗ್ನೀಷಿಯಂ ಕಡ್ಡಿಯೊಂದು ಇರುತ್ತದೆ. ತಾನು ಸವೆದು ಪಾತ್ರೆಯನ್ನು ತುಕ್ಕಿನಿಂದ ಕಾಯುವುದೇ ಅದರ ಕೆಲಸ, ಮನೆಯ ಹಿರಿಯಕ್ಕನ ಹಾಗೆ! ಅದು ಪೂರ್ತಿ ಸವೆದ ಮೇಲೆ ತುಕ್ಕು ಪಾತ್ರೆಗೆ ಹತ್ತುತ್ತದೆ. ಗಡಸು ನೀರಿನವರು ವರ್ಷಕ್ಕೊಮ್ಮೆ, ಚಳಿಗೆ ಮುಂಚೆ, ಕಡ್ಡಿಯನ್ನು ನೋಡಿಸಿ ಸುಣ್ಣವನ್ನು ತೆಗೆಸಿದರೆ ಗೀಸರಿನ ಆಯುಸ್ಸು ಹೆಚ್ಚುತ್ತದೆ.

ಎತ್ತರದ ಕಟ್ಟಡಗಳವರು ಒತ್ತಡವನ್ನೂ ಗಮನಿಸಬೇಕು. ಹತ್ತು ಮೀಟರು ನೀರಿನ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ಹಳೆಯ ನಾಲ್ಕಂತಸ್ತಿನ ಡಿ.ಡಿ.ಎ. ಮನೆಯಲ್ಲಿ ಇದು ದೊಡ್ಡ ಮಾತಲ್ಲ. ಇಪ್ಪತ್ತು ಅಂತಸ್ತಿನ ಗೋಪುರದ ಕೆಳಮನೆಗಳಲ್ಲಿ, ಅಥವಾ ಪಂಪಿನಿಂದ ನೀರು ತಳ್ಳುವ ಕಡೆ, 8 ಬಾರ್ ತಾಳುತ್ತದೆಂದು ಬರೆದಿರುವುದನ್ನೇ ಕೊಳ್ಳಿ. ಐ.ಎಸ್. 2082 ಎಂಬ ಗುರುತು ಇದೆಯೇ ನೋಡಿ. ಬಚ್ಚಲಿನ ಮೇಲೆ ಅಟ್ಟವಿದ್ದು ಎತ್ತರ ಸಾಲದಿದ್ದರೆ ಅಡ್ಡ ಗೀಸರು ಸಿಗುತ್ತದೆ. ನಿಲ್ಲುವುದನ್ನು ತಂದು ಮಲಗಿಸಬಾರದು. ಅಡ್ಡ ಗೀಸರಿನಲ್ಲಿ ಎಡಗಡೆಯದು, ಬಲಗಡೆಯದು ಎಂಬ ಭೇದವುಂಟು. ನಿಮ್ಮ ಕೊಳವೆ ಯಾವ ಕಡೆಯಿದೆ ಎಂದು ನೋಡಿಕೊಂಡೇ ಅಂಗಡಿಗೆ ಹೋಗಿ.

ಈಗ ಮಿಸ್ತ್ರಿಯ ಸರದಿ. ದಿಲ್ಲಿಯ ಮಿಸ್ತ್ರಿಗಳ ಬಾಯಲ್ಲಿ ‘ಚಲ್ ಜಾಯೇಗಾ’ ಎಂಬ ಮಂತ್ರ ಸದಾ ಸಿದ್ಧ. ನಾಲ್ಕು ವಿಷಯಗಳಲ್ಲಿ ಮಾತ್ರ ಅದನ್ನು ಒಪ್ಪತಕ್ಕದ್ದಲ್ಲ. ಒಂದು, ಗೋಡೆ. 25 ಲೀಟರೆಂದರೆ ನೀರಿನದೇ 25 ಕಿಲೋ, ಅದರ ಮೇಲೆ ಪಾತ್ರೆಯ ತೂಕ. ನಾಲ್ಕೂವರೆ ಅಂಗುಲದ ತೆಳುಗೋಡೆಗೆ ಸಣ್ಣ ತಿರುಪು ಸಾಲದು. ಗಟ್ಟಿ ಬೋಲ್ಟು ಹಾಕಿಸಿ. ಎರಡು, ಅರ್ತಿಂಗು. ಗೀಸರಿಗೆ 16 ಆಂಪಿಯರಿನ ಪ್ಲಗ್ಗು, ಕೆಲಸ ಮಾಡುವ ಅರ್ತಿಂಗು ತಂತಿ, ಮನೆಯ ಫಲಕದಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇವು ಮೂರೂ ಇರಬೇಕು. ಒದ್ದೆ ಮೈಗೆ ಶಾಕು ಹೊಡೆದರೆ ಜೀವಕ್ಕೇ ಸಂಚಕಾರ. ಮೂರು, ತಣ್ಣೀರಿನ ಬಾಯಿಯ ಸುರಕ್ಷಾ ವಾಲ್ವು. ಕಾದ ನೀರು ಹಿಗ್ಗುತ್ತದೆ: 25 ಲೀಟರು 12ರಿಂದ 60 ಡಿಗ್ರಿಗೆ ಏರಿದಾಗ ಅರ್ಧ ಲೀಟರಿಗೆ ತುಸು ಕಡಮೆ ಹೆಚ್ಚಾಗುತ್ತದೆ. ಆ ಹೆಚ್ಚಿನ ನೀರು ವಾಲ್ವಿನಿಂದ ತೊಟ್ಟಿಕ್ಕಿದರೆ ಅದು ಕೇಡಲ್ಲ. ಸೋರುತ್ತದೆಂದು ಅದನ್ನು ಮುಚ್ಚಿಸಿದರೆ ಪಾತ್ರೆ ಸಿಡಿಯಬಹುದು. ನಾಲ್ಕು, ಮೊದಲ ಬಾರಿ ಹಾಕುವಾಗ ಬಿಸಿನೀರಿನ ನಲ್ಲಿಯಿಂದ ನೀರು ಸರಾಗವಾಗಿ ಬಂದ ಮೇಲೆಯೇ ಸ್ವಿಚ್ಚು ಒತ್ತಬೇಕು. ಖಾಲಿ ಗೀಸರಿನ ಎಲಿಮೆಂಟು ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ವಿದ್ಯುತ್ತಿನ ಬಿಲ್ಲಿಗೆ ಹೆದರಿ ಗ್ಯಾಸ್ ಗೀಸರಿನ ಕಡೆ ನೋಡುವವರಿಗೆ ಒಂದು ಮಾತು. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾಘನ್ ಎಂಬಾತ ಗ್ಯಾಸಿನಿಂದ ನೀರು ಕಾಯಿಸುವ ಯಂತ್ರ ಮಾಡಿ, ಐಸ್‌ಲೆಂಡಿನ ಬಿಸಿನೀರಿನ ಬುಗ್ಗೆಯ ಹೆಸರನ್ನು ಅದಕ್ಕಿಟ್ಟ. ‘ಗೀಸರ್’ ಎಂಬ ಮಾತು ನಮ್ಮ ಬಚ್ಚಲಿಗೆ ಬಂದುದು ಹಾಗೆ. ಆದರೆ ಆ ಯಂತ್ರಕ್ಕೆ ಹೊಗೆ ಹೊರಹೋಗುವ ಕೊಳವೆಯೇ ಇರಲಿಲ್ಲ. ಇಂದಿಗೂ ನಮ್ಮ ಪುಟ್ಟ ಬಚ್ಚಲುಗಳಲ್ಲಿ ಗ್ಯಾಸ್ ಗೀಸರನ್ನು ಒಳಗೇ ತೂಗುಹಾಕಿ, ಚಳಿಯೆಂದು ಕಿಟಕಿಯನ್ನೂ ಮುಚ್ಚಿ ಸ್ನಾನ ಮಾಡುವವರಿದ್ದಾರೆ. ಉರಿಗೆ ಗಾಳಿ ಸಾಲದೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ತಿರುಗಿತೆನ್ನುವಷ್ಟರಲ್ಲಿ ಕೈಕಾಲು ಸೋತಿರುತ್ತದೆ. ಪ್ರತಿ ಚಳಿಗಾಲವೂ ಪತ್ರಿಕೆಗಳಲ್ಲಿ ಇಂಥ ಸಾವುಗಳ ಸುದ್ದಿಯನ್ನು ಓದುತ್ತೇವೆ. ಗ್ಯಾಸಿನದೇ ಬೇಕೆಂದರೆ ಯಂತ್ರ ಬಚ್ಚಲಿನ ಹೊರಗೆ, ಬಯಲು ಗಾಳಿ ಆಡುವ ಬಾಲ್ಕನಿಯಲ್ಲಿರಲಿ. ಒಳಗೆ ಬಿಸಿನೀರು ಮಾತ್ರ ಬರಲಿ. ಬಾಡಿಗೆ ಮನೆಯಲ್ಲಿ ಅದು ಮೊದಲೇ ಒಳಗಿದ್ದರೆ, ಮನೆಯೊಡೆಯರಿಗೆ ಹೇಳಿ ತೆಗೆಸುವವರೆಗೆ ಅದನ್ನು ಮುಟ್ಟದಿರುವುದೇ ಕ್ಷೇಮ.

ಊರಿನಿಂದ ಬಂದ ಹಿರಿಯರಿಗೂ ಮಕ್ಕಳಿಗೂ ಮೊದಲೇ ತಿಳಿಸಿಡಿ: ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. 60 ಡಿಗ್ರಿಯ ನೀರು ಕೆಲವೇ ಕ್ಷಣಗಳಲ್ಲಿ ಮೈ ಸುಡುತ್ತದೆ. ಬಚ್ಚಲಿಗೆ ಇಳಿಯುವ ಮುನ್ನ ಸ್ವಿಚ್ಚು ಆರಿಸಲಿ. ಅಂಗಡಿಯ ರಸೀದಿಯನ್ನೂ ಗ್ಯಾರಂಟಿ ಕಾಗದವನ್ನೂ ಒಂದು ಲಕೋಟೆಯಲ್ಲಿ ಇಟ್ಟು, ಗೀಸರು ಹಾಕಿಸಿದ ತಾರೀಖನ್ನು ಅದರ ಮೇಲೆ ಬರೆಯಿರಿ. ಮುಂದಿನ ವರ್ಷ ಕಡ್ಡಿ ನೋಡಿಸುವ ಹೊತ್ತಿಗೆ ಅದು ಕೈಗೆ ಸಿಗುವಂತಿರಲಿ.